ಆಸ್ಪತ್ರೆಯ ಹಳೇ ಕೇಸ್ ಪುಸ್ತಕ: ಬರೆದದ್ದು ಯಾರಿಗಾಗಿ?

ನೂರೈವತ್ತು ಇನ್ನೂರು ವರ್ಷದ ಹಿಂದಿನ ಆಸ್ಪತ್ರೆ ದಾಖಲೆ ಕೈಗೆ ಸಿಕ್ಕರೆ ಯಾರಿಗಾದರೂ ಸತ್ಯವೇ ಸಿಕ್ಕಿತು ಅನ್ನಿಸುತ್ತದೆ. ಡಾಕ್ಟರೇ ಕೈಯಾರೆ ಬರೆದಿದ್ದಾರೆ, ತಾರೀಖಿದೆ, ಸಹಿ ಇದೆ, ಇನ್ನೇನು ಬೇಕು? ಆದರೆ ಆ ಪುಟಗಳಲ್ಲಿ ರೋಗಿಗಾಗಿ ಬರೆದದ್ದು ತೀರಾ ಕಡಿಮೆ. ಒಂದು ಪುಟ ಖರ್ಚು ಕೊಡುವವರಿಗಾಗಿ, ಇನ್ನೊಂದು ಕಾನೂನಿಗಾಗಿ, ಮತ್ತೊಂದು ತಪಾಸಣೆಗೆ ಬರುವ ಅಧಿಕಾರಿಗಾಗಿ. ಕೆಲವಂತೂ ಡಾಕ್ಟರು ತನ್ನ ಮಾನ ಉಳಿಸಿಕೊಳ್ಳಲು ಬರೆದವು. ಯಾರಿಗಾಗಿ ಬರೆದದ್ದು ಅಂತ ತಿಳಿಯದೆ ಓದಿದರೆ ಎಲ್ಲಾ ತಲೆಕೆಳಗಾಗಿ ಅರ್ಥವಾಗುತ್ತದೆ.

ಇದನ್ನು ಬಿಡಿಸಿ ಹೇಳಲು ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯನ್ನೇ ತೆಗೆದುಕೊಳ್ಳುತ್ತೇನೆ. 1247ರಲ್ಲಿ ಒಂದು ಕ್ರೈಸ್ತ ಮಠವಾಗಿ ಶುರುವಾಗಿ, ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾದದ್ದು ಇದು. 1676ರಲ್ಲಿ ಮೂರ್‌ಫೀಲ್ಡ್ಸ್‌ಗೆ, 1815ರಲ್ಲಿ ಸದರ್ಕ್‌ಗೆ, 1930ರಲ್ಲಿ ಬೆಕೆನ್‌ಹ್ಯಾಮ್ ಹತ್ತಿರಕ್ಕೆ ಜಾಗ ಬದಲಿಸಿತು. ಸದರ್ಕ್‌ನ ಹಳೇ ಕಟ್ಟಡದಲ್ಲಿ ಈಗ ಇಂಪೀರಿಯಲ್ ವಾರ್ ಮ್ಯೂಸಿಯಂ ಇದೆ. ಇಷ್ಟೆಲ್ಲಾ ಮನೆ ಬದಲಿಸಿದರೂ ಇವರ ಕಾಗದಪತ್ರ ಉಳಿದುಕೊಂಡಿದೆ. ಅಡ್ಮಿಶನ್ ರಿಜಿಸ್ಟರುಗಳು 1683ರಿಂದ ಸಿಗುತ್ತವೆ. ಆಗ ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಕಾಲ ಅಂದರೆ ಎಷ್ಟು ಹಳೆಯದು ಅಂತ ಅಂದಾಜಾಗುತ್ತದೆ.

ಆದರೆ ರಿಜಿಸ್ಟರು ಬೇರೆ, ಕೇಸ್ ಪುಸ್ತಕ ಬೇರೆ. ಇಲ್ಲೇ ಜಾಸ್ತಿ ಜನ ಎಡವುವುದು.

ಅಡ್ಮಿಶನ್ ರಿಜಿಸ್ಟರಿನಲ್ಲಿ ಹೆಸರು, ಊರು, ಯಾರು ಕಳಿಸಿದರು, ಯಾವಾಗ ಬಂದರು, ಯಾವಾಗ ಹೋದರು, ಇಷ್ಟೇ ಇರುತ್ತದೆ. ಇದು ಮೂಲದಲ್ಲಿ ಲೆಕ್ಕದ ಪುಸ್ತಕ. ಬೆತ್ಲೆಮ್‌ನಲ್ಲಿ ರೋಗಿಯನ್ನು ಸೇರಿಸಬೇಕಾದರೆ ಹೊರಗಿನವರು ಜಾಮೀನು ಪತ್ರಕ್ಕೆ ಸಹಿ ಹಾಕಬೇಕಿತ್ತು. ಬಟ್ಟೆ ನಮ್ಮ ಖರ್ಚು, ವಾಪಸ್ ಕರೆದುಕೊಂಡು ಹೋಗಿ ಅಂದಾಗ ಬರುತ್ತೇವೆ, ಸತ್ತರೆ ಮಣ್ಣು ಮಾಡುವುದೂ ನಮ್ಮ ಜವಾಬ್ದಾರಿ ಅಂತ. ಆಡಳಿತಕ್ಕೆ ಬೇಕಿದ್ದದ್ದು ಈ ಜಾಮೀನುದಾರನ ವಿಳಾಸ. ಕಾಯಿಲೆ ಏನು ಅನ್ನುವುದು ಆಮೇಲಿನ ಮಾತು.

ಕೇಸ್ ಪುಸ್ತಕದಲ್ಲಾದರೆ ಒಬ್ಬೊಬ್ಬ ರೋಗಿಗೂ ಒಂದೆರಡು ಪುಟ. ಬಂದಾಗ ಹೇಗಿದ್ದರು, ಏನು ಮಾತಾಡಿದರು, ಏನು ಔಷಧಿ ಕೊಟ್ಟೆವು, ಆಮೇಲೆ ಏನಾಯಿತು. ನಮಗೆ ಇದು ಸಹಜ ಅನ್ನಿಸುತ್ತದೆ, ಡಾಕ್ಟರು ನೋಡಿದರೆ ಬರೆದುಕೊಳ್ಳುವುದಿಲ್ಲವೇ ಅಂತ. ಬರೆದುಕೊಳ್ಳುತ್ತಿರಲಿಲ್ಲ! ಕಾರಣ ಸರಳ. 1815ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಒಂದು ಸಮಿತಿ ಬೆತ್ಲೆಮ್‌ನ ಹಿರಿಯ ವೈದ್ಯ ಥಾಮಸ್ ಮನ್ರೋ ಅವರನ್ನು ಕರೆಸಿ, ಚಿಕಿತ್ಸೆ ಹೇಗೆ ಕೊಡುತ್ತೀರಿ ಅಂತ ಕೇಳಿತು. ಅವರ ಉತ್ತರದ ಸಾರ ಇದು: ಹವೆ ನೋಡಿಕೊಂಡು ಮೇ ಕೊನೆಯ ಹೊತ್ತಿಗೆ ರೋಗಿಗಳ ರಕ್ತ ತೆಗೆಸುತ್ತೇವೆ, ಆಮೇಲೆ ಕೆಲವು ವಾರ ವಾರಕ್ಕೊಮ್ಮೆ ವಾಂತಿ ಮಾಡಿಸುತ್ತೇವೆ, ಅದಾದ ಮೇಲೆ ಭೇದಿ. ಇದು ನನ್ನ ಅಪ್ಪನಿಂದ ಬಂದ ಪದ್ಧತಿ, ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎಲ್ಲರಿಗೂ ಅದೇ ಔಷಧಿ, ಅದೂ ಕ್ಯಾಲೆಂಡರ್ ನೋಡಿಕೊಂಡು ಕೊಡುವುದಾದರೆ ಒಬ್ಬೊಬ್ಬರ ಬಗ್ಗೆ ಯಾಕೆ ಬರೆಯಬೇಕು? ಮಜಾ ಏನೆಂದರೆ ಇದೇ ಮನ್ರೋ ಅವರ ತಂದೆ ಜಾನ್ ಮನ್ರೋ 1766ರಲ್ಲಿ ಬರೆದ ಕೇಸ್ ಪುಸ್ತಕ ಉಳಿದಿದೆ. ಅದರಲ್ಲಿರುವುದು ಬೆತ್ಲೆಮ್‌ನ ಬಡ ರೋಗಿಗಳಲ್ಲ, ಅವರ ಖಾಸಗಿ ಪ್ರಾಕ್ಟೀಸಿನ ರೋಗಿಗಳು. ಫೀಸು ಕೊಡುವವರ ಕಥೆ ಬರೆದುಕೊಳ್ಳುವಷ್ಟು ಮುಖ್ಯವಾಗಿತ್ತು.

ವೈದ್ಯರಿಗೆ ಬರೆಯುವ ಅಭ್ಯಾಸ ಹತ್ತಿಸಿದ್ದು ವಿಜ್ಞಾನಕ್ಕಿಂತ ಜಾಸ್ತಿ ಕಾನೂನು. 1845ರ ಕಾಯ್ದೆ ಇಂಗ್ಲೆಂಡಿನ ಇಂಥ ಆಸ್ಪತ್ರೆಗಳು ಕೇಸ್ ಪುಸ್ತಕ ಇಡಲೇಬೇಕು, ತಪಾಸಣೆಗೆ ಬರುವ ಕಮಿಷನರುಗಳಿಗೆ ತೋರಿಸಲೇಬೇಕು ಅಂತ ಹೇಳಿತು. ಬೆತ್ಲೆಮ್ ತನ್ನ ಪ್ರಭಾವ ಬಳಸಿ ಇದರಿಂದ ತಪ್ಪಿಸಿಕೊಂಡಿತ್ತು. ಅಲ್ಲಿ ರೋಗಿಗಳನ್ನು ಕೆಟ್ಟದಾಗಿ ನೋಡಿಕೊಂಡ ವಿಷಯ ಹೊರಬಿದ್ದು ಗಲಾಟೆಯಾದ ಮೇಲೆ, 1853ರಲ್ಲಿ ಅದೂ ಕಾಯ್ದೆಯ ಕೆಳಗೆ ಬಂತು. ಅದೇ ಹೊತ್ತಿಗೆ ಬಂದ ಡಾಕ್ಟರ್ ವಿಲಿಯಂ ಚಾರ್ಲ್ಸ್ ಹುಡ್ ಆಸ್ಪತ್ರೆಯನ್ನು ಒಂದು ದಾರಿಗೆ ತಂದರು. 1850ರ ದಶಕದ ಕೊನೆಗೆ ಹೆನ್ರಿ ಹೆರಿಂಗ್ ಎನ್ನುವ ಫೋಟೋಗ್ರಾಫರ್ ಅಲ್ಲಿನ ರೋಗಿಗಳ ಫೋಟೋ ತೆಗೆದ. ಕೆಲವರದು ಎರಡೆರಡು ಫೋಟೋ ಇವೆ, ಕಾಯಿಲೆಯಲ್ಲಿದ್ದಾಗ ಒಂದು, ಗುಣವಾದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಕೂದಲು ಬಾಚಿರುತ್ತದೆ, ಬಟ್ಟೆ ನೆಟ್ಟಗಿರುತ್ತದೆ. ಇದನ್ನು ನೋಡುವಾಗ ಒಂದು ಕ್ಷಣ ಯೋಚಿಸಬೇಕು. ರೋಗ ವಾಸಿಯಾದದ್ದಕ್ಕೆ ಇದು ಸಾಕ್ಷಿಯೋ, ಅಥವಾ ಆಸ್ಪತ್ರೆ ತನ್ನ ಕೆಲಸಕ್ಕೆ ತೋರಿಸಿದ ಸಾಕ್ಷಿಯೋ? ಎರಡೂ ಇರಬಹುದು.

ಗುಣವಾದವರ ಲೆಕ್ಕದ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೆತ್ಲೆಮ್‌ನ ನಿಯಮ ಹೇಗಿತ್ತು ಅಂದರೆ, ವಾಸಿಯಾಗುವ ಲಕ್ಷಣ ಇರುವವರನ್ನಷ್ಟೇ ಸೇರಿಸಿಕೊಳ್ಳುವುದು, ಹೆಚ್ಚೆಂದರೆ ಒಂದು ವರ್ಷ ಇಟ್ಟುಕೊಳ್ಳುವುದು. ಮೂರ್ಛೆ ರೋಗದವರು, ಪಾರ್ಶ್ವವಾಯು ಹೊಡೆದವರು ಬಂದರೆ ಬಾಗಿಲಲ್ಲೇ ಬೇಡ ಅನ್ನುತ್ತಿದ್ದರು. ವರ್ಷ ತುಂಬಿದರೂ ಸರಿಹೋಗದವರನ್ನು ‘ವಾಸಿಯಾಗಿಲ್ಲ’ ಅಂತ ಬರೆದು ಮನೆಗೆ ಕಳಿಸುವುದು. ಕೆಲವರಿಗೆ ಮಾತ್ರ, ಜಾಗ ಖಾಲಿಯಾದರೆ, ‘ವಾಸಿಯಾಗದವರ’ ವಿಭಾಗದಲ್ಲಿ ಉಳಿಯುವ ಅವಕಾಶ. ಹೀಗೆ ಆರಿಸಿ ತೆಗೆದುಕೊಂಡ ಮೇಲೆ ಬರುವ ಅಂಕಿಸಂಖ್ಯೆಯನ್ನು, ಯಾರನ್ನೂ ಬೇಡ ಅನ್ನಲಾಗದ ಸರ್ಕಾರಿ ಆಸ್ಪತ್ರೆಯ ಅಂಕಿಯ ಪಕ್ಕ ಇಟ್ಟರೆ ಬೆತ್ಲೆಮ್ ಮಿಂಚುವುದೇ. ಪುಸ್ತಕದಲ್ಲಿ ಸುಳ್ಳು ಬರೆದಿಲ್ಲ. ಆದರೂ ದಾರಿ ತಪ್ಪುತ್ತೇವೆ.

ಈಗ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬರನ್ನು ಇಂಥ ಆಸ್ಪತ್ರೆಗೆ ಸೇರಿಸಲು ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು. ಅಚ್ಚು ಹಾಕಿಸಿದ ಫಾರಂ. ಅದರಲ್ಲಿ ಎರಡು ಖಾನೆ. ಮೊದಲನೆಯದು, ಹುಚ್ಚು ಇದೆ ಅನ್ನುವುದಕ್ಕೆ ‘ನಾನೇ ಕಣ್ಣಾರೆ ಕಂಡ ಸಂಗತಿಗಳು’. ಎರಡನೆಯದು, ‘ಬೇರೆಯವರು ನನಗೆ ತಿಳಿಸಿದ ಸಂಗತಿಗಳು’, ಯಾರು ತಿಳಿಸಿದರು ಅನ್ನುವುದೂ ಅಲ್ಲೇ. ನನಗೆ ಕೇಳಿದರೆ ಇಡೀ ಕಡತದಲ್ಲಿ ಈ ಹಾಳೆಗಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಯಾಕೆಂದರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಕಾನೂನೇ ಗೆರೆ ಎಳೆದು ಕೊಟ್ಟಿದೆ. ಮೊದಲನೇ ಖಾನೆಯಲ್ಲಿ ಒಂದೇ ಸಾಲು ಇದ್ದು, ಎರಡನೆಯದರಲ್ಲಿ ಗಂಡ ಹೇಳಿದ್ದು, ಅತ್ತೆ ಹೇಳಿದ್ದು ತುಂಬಿ ಅಂಚಿನವರೆಗೂ ಹರಿದಿದೆ ಅಂದುಕೊಳ್ಳಿ. ಅಲ್ಲಿ ನೀವು ಕಾಯಿಲೆಯನ್ನಷ್ಟೇ ಓದುತ್ತಿಲ್ಲ, ಒಂದು ಮನೆಯ ಜಗಳವನ್ನೂ ಓದುತ್ತಿದ್ದೀರಿ. ಹಾಗಂತ ಎಲ್ಲವೂ ಮನೆಯವರ ಪಿತೂರಿ ಅನ್ನುವುದೂ ತಪ್ಪು. ವಾರಗಟ್ಟಲೆ ನಿದ್ದೆಗೆಟ್ಟವರನ್ನು ದಿನವಿಡೀ ನೋಡಿಕೊಂಡವರು ಮನೆಯವರೇ ತಾನೇ, ಅರ್ಧ ಗಂಟೆ ಬಂದು ಹೋದ ಡಾಕ್ಟರಲ್ಲ.

ಈ ಎರಡು ಖಾನೆಯ ಫಾರಂ ಅಲ್ಲಿಗೇ ನಿಲ್ಲಲಿಲ್ಲ. 1912ರ ಇಂಡಿಯನ್ ಲೂನಸಿ ಆಕ್ಟ್‌ನ ಕೊನೆಗೆ ಇರುವ ನಮೂನೆಗಳಲ್ಲಿ ಹೆಚ್ಚು ಕಡಿಮೆ ಇವೇ ಮಾತುಗಳಿವೆ. ಆ ಕಾಯ್ದೆ 1987ರ ಹೊಸ ಕಾಯ್ದೆ 1993ರಲ್ಲಿ ಜಾರಿಗೆ ಬರುವ ತನಕ ನಡೆಯಿತು. ಅಂದರೆ ವಿಕ್ಟೋರಿಯಾ ರಾಣಿ ಕಾಲದ ಆ ಎರಡು ಪ್ರಶ್ನೆಗಳಿಗೆ ನಮ್ಮ ಡಾಕ್ಟರುಗಳು ಮೊನ್ನೆ ಮೊನ್ನೆವರೆಗೂ ಉತ್ತರ ಬರೆಯುತ್ತಿದ್ದರು.

ಕೇಸ್ ಪುಸ್ತಕದ ಒಳಗೆ ಹೋದರೆ ಇನ್ನೊಂದು ಖಾನೆ ಕಣ್ಣಿಗೆ ಬೀಳುತ್ತದೆ: ‘ಕಾರಣ’. ಆ ಕಾಲದವರು ಕಾರಣಗಳನ್ನು ಎರಡು ಗುಂಪು ಮಾಡುತ್ತಿದ್ದರು. ಮೈಗೆ ಸಂಬಂಧಿಸಿದ್ದು ಒಂದು: ತಲೆಗೆ ಪೆಟ್ಟು, ಜ್ವರ, ಬಾಣಂತನ, ಕುಡಿತ, ವಂಶದಲ್ಲಿ ಇದ್ದದ್ದು. ಮನಸ್ಸಿಗೆ ಸಂಬಂಧಿಸಿದ್ದು ಇನ್ನೊಂದು: ಸಾಲ, ದುಃಖ, ಪ್ರೇಮಭಂಗ, ಅತಿಯಾದ ದೈವಭಕ್ತಿ. ಈಗ ಓದಿದರೆ ನಗು ಬರುತ್ತದೆ. ಆದರೆ ಆ ಖಾನೆ ಖಾಲಿ ಬಿಡುವ ಹಾಗಿರಲಿಲ್ಲ, ವರ್ಷದ ವರದಿಯ ಕೋಷ್ಟಕಕ್ಕೆ ಏನಾದರೂ ಬೇಕಿತ್ತು. ಹಾಗಾಗಿ ಮನೆಯವರು ಹೇಳಿದ್ದರಲ್ಲಿ ಹೊಂದುವುದನ್ನು ತುಂಬುತ್ತಿದ್ದರು. ‘ಪ್ರೇಮಭಂಗ’ ಅಂತ ಕಂಡರೆ, ಅದು ಡಾಕ್ಟರ ಶೋಧನೆ ಅನ್ನುವುದಕ್ಕಿಂತ ಆ ಊರಿನ ಜನ ಏನು ಮಾತಾಡಿಕೊಳ್ಳುತ್ತಿದ್ದರು ಅನ್ನುವುದರ ದಾಖಲೆ ಅಂತ ಓದುವುದು ಸರಿ.

ಮೊದಲ ಪುಟ ದಾಟಿದ ಮೇಲೆ ಬರಹ ತೆಳ್ಳಗಾಗುತ್ತಾ ಹೋಗುತ್ತದೆ. ಮೊದಲ ವಾರ ಪ್ಯಾರಾಗಟ್ಟಲೆ, ಆಮೇಲೆ ತಿಂಗಳಿಗೆ ಎರಡು ಸಾಲು, ವರ್ಷಗಳು ಕಳೆದ ಮೇಲೆ ಮೂರು ತಿಂಗಳಿಗೊಮ್ಮೆ ಬರೀ ‘ಐ.ಎಸ್.ಕ್ಯೂ.’ ಇದು ಲ್ಯಾಟಿನ್ನಿನ ಸಂಕ್ಷೇಪ, ಇದ್ದ ಹಾಗೇ ಇದ್ದಾರೆ ಅಂತ. ಕಾನೂನಿನ ಪ್ರಕಾರ ಇಷ್ಟು ದಿನಕ್ಕೊಮ್ಮೆ ಏನಾದರೂ ಬರೆಯಬೇಕು, ಬರೆದರು, ಮುಗಿಯಿತು. ಒಬ್ಬ ಮನುಷ್ಯನ ಇಪ್ಪತ್ತು ವರ್ಷ ಅರ್ಧ ಪುಟದಲ್ಲಿ ಕುಳಿತಿರುತ್ತದೆ. ಔಷಧಿಯ ಸಾಲುಗಳೂ ಲ್ಯಾಟಿನ್ನಿನ ತುಂಡುಗಳೇ. ‘ಓಲ್. ರಿಸಿನಿ’ ಅಂತ ನೋಡಿ ಏನೋ ಮಹಾ ಔಷಧಿ ಅಂದುಕೊಳ್ಳಬೇಡಿ, ಅದು ನಮ್ಮ ಹರಳೆಣ್ಣೆ. ‘ಹೈಡ್ರಾರ್ಜ್.’ ಕಂಡರೆ ಮಾತ್ರ ಹುಷಾರು, ಅದು ಪಾದರಸ. ಅದಾದ ಕೆಲವು ವಾರಕ್ಕೆ ರೋಗಿಯ ವಸಡು ಊದಿದೆ, ಜೊಲ್ಲು ಸುರಿಯುತ್ತಿದೆ ಅಂತ ಬರೆದಿದ್ದರೆ ಅದು ಕಾಯಿಲೆಯ ಲಕ್ಷಣ ಅಲ್ಲದೆ ಔಷಧಿಯ ಫಲವೂ ಆಗಿರಬಹುದು.

ಇಷ್ಟು ಹೊತ್ತು ಹೇಳಿದ್ದೆಲ್ಲ ಒಂದೇ ಕಡೆ ಕಾಣಬೇಕಾದರೆ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಕಥೆ ಕೇಳಬೇಕು. ಲಂಡನ್ನಿನಲ್ಲಿ ಚಹಾ ವ್ಯಾಪಾರದ ದಲ್ಲಾಳಿ. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಬ್ರಿಟನ್ನಿಗೂ ಫ್ರಾನ್ಸಿಗೂ ರಾಜಿ ಮಾಡಿಸುತ್ತೇನೆ ಅಂತ ಹೊರಟು, ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಸೆರೆಯಲ್ಲಿದ್ದ. 1796ರಲ್ಲಿ ಬಿಡುಗಡೆಯಾಗಿ ವಾಪಸ್ ಬಂದವನು ಹೌಸ್ ಆಫ್ ಕಾಮನ್ಸ್‌ನಲ್ಲಿ ಮಂತ್ರಿಯೊಬ್ಬರ ಮೇಲೆ ದ್ರೋಹದ ಆರೋಪ ಹೊರಿಸಿ ಕೂಗಾಡಿದ. 1797ರ ಜನವರಿಯಲ್ಲಿ ಬೆತ್ಲೆಮ್‌ಗೆ ಸೇರಿಸಿದರು. ವರ್ಷ ಕಳೆದ ಮೇಲೆ ‘ವಾಸಿಯಾಗದವರ’ ಕಡೆಗೆ ಹಾಕಿದರು.

ಮನೆಯವರು ಸುಮ್ನೆ ಕೂರಲಿಲ್ಲ. 1809ರಲ್ಲಿ ಬರ್ಕ್‌ಬೆಕ್, ಕ್ಲಟರ್‌ಬಕ್ ಎಂಬ ಇಬ್ಬರು ಹೊರಗಿನ ಡಾಕ್ಟರುಗಳು ಅವನನ್ನು ನೋಡಿ, ಇವನಿಗೆ ಬುದ್ಧಿ ಸರಿಯಾಗಿದೆ ಅಂತ ಪ್ರಮಾಣ ಮಾಡಿದರು. ಮನೆಯವರು ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಬಿಡಿಸಲು ಹಾಕುವ ಅರ್ಜಿ, ಹಾಕಿದರು. ಆಸ್ಪತ್ರೆ ಎದುರು ಪ್ರಮಾಣಪತ್ರ ಸಲ್ಲಿಸಿತು, ಬಿಡುಗಡೆ ಆಗಲಿಲ್ಲ. ಮಾರನೇ ವರ್ಷ, ಅಂದರೆ 1810ರಲ್ಲಿ, ಬೆತ್ಲೆಮ್‌ನ ಅಪೊಥೆಕರಿ ಜಾನ್ ಹ್ಯಾಸ್ಲಮ್ ‘ಇಲ್ಲಸ್ಟ್ರೇಶನ್ಸ್ ಆಫ್ ಮ್ಯಾಡ್ನೆಸ್’ ಅಂತ ಒಂದು ಪುಸ್ತಕವನ್ನೇ ತಂದ. ಅಪೊಥೆಕರಿ ಅಂದರೆ ಬರೀ ಔಷಧಿ ಕೊಡುವವನಲ್ಲ, ದೊಡ್ಡ ಡಾಕ್ಟರು ಆಗಾಗ ಬಂದು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ದಿನಾ ರೋಗಿಗಳನ್ನು ನೋಡುತ್ತಿದ್ದವನು ಇವನೇ. ಒಬ್ಬನೇ ಮಾನಸಿಕ ರೋಗಿಯ ಬಗ್ಗೆ ಬಂದ ಮೊದಲ ಇಡೀ ಪುಸ್ತಕ ಅಂತ ಇದನ್ನು ವೈದ್ಯಕೀಯ ಇತಿಹಾಸದವರು ಮೇಲಕ್ಕೆತ್ತುತ್ತಾರೆ.

ಅದರಲ್ಲಿ ಏನಿದೆ? ಲಂಡನ್ನಿನ ಹಳೇ ಕೋಟೆ ಗೋಡೆಯ ಹತ್ತಿರ ನೆಲಮಾಳಿಗೆಯಂಥ ಜಾಗದಲ್ಲಿ ಏಳು ಜನರ ಒಂದು ಗ್ಯಾಂಗ್ ‘ಏರ್ ಲೂಮ್’ ಎಂಬ ಯಂತ್ರ ನಡೆಸುತ್ತಿದೆ, ಗಾಳಿಯಲ್ಲಿ ಕಾಂತದ ಅಲೆ ಬಿಟ್ಟು ತನ್ನ ಮೈಯನ್ನು ಹಿಂಡುತ್ತಿದೆ, ತಲೆಯೊಳಗೆ ತನ್ನದಲ್ಲದ ಯೋಚನೆ ತುಂಬುತ್ತಿದೆ ಅಂತ ಮ್ಯಾಥ್ಯೂಸ್ ನಂಬಿದ್ದ. ಗ್ಯಾಂಗಿನ ಒಬ್ಬೊಬ್ಬರಿಗೂ ಹೆಸರಿದೆ: ಬಿಲ್ ದ ಕಿಂಗ್, ಜ್ಯಾಕ್ ದ ಸ್ಕೂಲ್‌ಮಾಸ್ಟರ್, ಗ್ಲೋವ್ ವುಮನ್ ಹೀಗೆ. ಹಿಂಸೆಯ ವಿಧಗಳಿಗೂ ಹೆಸರು. ಯಂತ್ರದ ಚಿತ್ರವನ್ನು ಮ್ಯಾಥ್ಯೂಸ್ ತಾನೇ ಬರೆದುಕೊಟ್ಟಿದ್ದ, ಪೀಪಾಯಿ, ಕೊಳವೆ, ಸನ್ನೆಕೋಲು ಎಲ್ಲಾ ಅಚ್ಚುಕಟ್ಟಾಗಿ. ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿದ್ದಾರೆ. ಇವತ್ತಿನ ಮನೋವೈದ್ಯರು ಇದನ್ನು ಓದಿ ಸ್ಕಿಜೋಫ್ರೇನಿಯಾದ ಮೊದಮೊದಲ ಪೂರ್ತಿ ವರ್ಣನೆಗಳಲ್ಲಿ ಒಂದು ಇದು ಅನ್ನುತ್ತಾರೆ. ಇರಬಹುದು. ಆದರೆ ಹ್ಯಾಸ್ಲಮ್ ಅದನ್ನು ಬರೆದದ್ದು ವೈದ್ಯವಿಜ್ಞಾನಕ್ಕಾಗಿ ಮಾತ್ರ ಅಲ್ಲ. ಹೊರಗಿನ ಇಬ್ಬರು ಡಾಕ್ಟರು ನನ್ನನ್ನು ತಪ್ಪು ಅಂದರಲ್ಲ, ನೋಡಿ ಈಗ ಇವನು ಹೇಗಿದ್ದಾನೆ ಅಂತ ಊರಿಗೆಲ್ಲಾ ತೋರಿಸುವುದಕ್ಕೆ. ರೋಗಿಯ ಖಾಸಗಿ ಭಯವನ್ನೆಲ್ಲ ವಾದದಲ್ಲಿ ಗೆಲ್ಲಲು ಬಳಸಿಕೊಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ನಮಗೆ ಹ್ಯಾಸ್ಲಮ್ ಹೇಳಿದ್ದೊಂದೇ ಉಳಿಯುತ್ತಿತ್ತು. ಆದರೆ ಮ್ಯಾಥ್ಯೂಸ್ ಕೂಡ ಬರೆಯುತ್ತಿದ್ದ. ತನ್ನನ್ನು ಆಸ್ಪತ್ರೆಯಲ್ಲಿ ಹೇಗೆ ನಡೆಸಿಕೊಂಡರು, ಕೈಗೆ ಕೋಳ ಹಾಕಿದ್ದು, ಇವನ್ನೆಲ್ಲ ಬರೆದಿಟ್ಟ. ಜೊತೆಗೆ, ಬೆತ್ಲೆಮ್ ಹೊಸ ಕಟ್ಟಡಕ್ಕೆ ನಕ್ಷೆ ಕೇಳಿದಾಗ ಇವನೂ ಒಳಗಿದ್ದುಕೊಂಡೇ ನಕ್ಷೆ ಬರೆದು ಕೊಟ್ಟ. ಆಡಳಿತದವರು ಅದಕ್ಕೆ 30 ಪೌಂಡ್ ಕೊಟ್ಟರು! ಹುಚ್ಚ ಅಂತ ಬೀಗ ಹಾಕಿ ಇಟ್ಟವನಿಗೇ ಕಟ್ಟಡದ ನಕ್ಷೆಗೆ ದುಡ್ಡು. ಇದು ಕೇಸ್ ಪುಸ್ತಕದಲ್ಲಿ ಸಿಗುವ ಮಾತಲ್ಲ, ಆಡಳಿತದ ಕಡತದಲ್ಲಿ ಸಿಗುವ ಮಾತು. ಒಬ್ಬ ರೋಗಿಯನ್ನು ತಿಳಿಯಲು ಅವನ ಫೈಲ್ ಒಂದೇ ಸಾಲದು, ಮೀಟಿಂಗಿನ ನಡಾವಳಿ, ಖರ್ಚಿನ ಪುಸ್ತಕ, ಅಡುಗೆಮನೆ ಲೆಕ್ಕ ಎಲ್ಲವನ್ನೂ ತಿರುವಿ ಹಾಕಬೇಕು ಅನ್ನುವುದು ಇದಕ್ಕೇ.

1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸುಧಾರಕ ಸಂಗಡಿಗರೊಂದಿಗೆ ಬೆತ್ಲೆಮ್ ಒಳಗೆ ಹೋಗಿ ನೋಡಿದಾಗ, ಜೇಮ್ಸ್ ನಾರಿಸ್ ಎಂಬ ರೋಗಿಯನ್ನು ಕುತ್ತಿಗೆಗೆ, ಎದೆಗೆ ಕಬ್ಬಿಣದ ಪಟ್ಟಿ ಹಾಕಿ ಕಂಬಕ್ಕೆ ಬಿಗಿದಿದ್ದರು. ಅದೂ ವರ್ಷಗಟ್ಟಲೆಯಿಂದ. ಅವನ ಚಿತ್ರ ಬರೆಸಿ ಅಚ್ಚು ಹಾಕಿಸಿದರು, ದೇಶವೆಲ್ಲಾ ನೋಡಿತು. 1815ರ ಸಮಿತಿ ಕೂತದ್ದು ಇದರ ಬೆನ್ನಿಗೇ. ಅಷ್ಟರಲ್ಲಿ ಮ್ಯಾಥ್ಯೂಸ್ ಹ್ಯಾಕ್ನಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದು, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದ. ಅವನು ಬರೆದಿಟ್ಟದ್ದು ಮಾತ್ರ ಸಮಿತಿಯ ಮುಂದೆ ಬಂತು. 1816ರಲ್ಲಿ ಮನ್ರೋ, ಹ್ಯಾಸ್ಲಮ್ ಇಬ್ಬರೂ ಕೆಲಸ ಕಳೆದುಕೊಂಡರು.

ರೋಗಿಯ ಮಾತು ಹೀಗೆ ಉಳಿಯುವುದು ಅಪರೂಪ. ಉಳಿದಿದ್ದರೆ ಅದರ ದಾರಿಯೂ ವಿಚಿತ್ರ. ಎಡಿನ್‌ಬರೋದ ರಾಯಲ್ ಅಸೈಲಂ ಎಂಬ ಮಾನಸಿಕ ರೋಗಿಗಳ ಆಸ್ಪತ್ರೆಯ ಕೇಸ್ ಪುಸ್ತಕಗಳ ಜೊತೆ ರೋಗಿಗಳು ಬರೆದ ನೂರಾರು ಪತ್ರಗಳು ಸಿಕ್ಕಿವೆ. ಮನೆಗೆ, ಗೆಳೆಯರಿಗೆ, ಅಧಿಕಾರಿಗಳಿಗೆ ಬರೆದವು. ಅವು ಆಸ್ಪತ್ರೆಯಲ್ಲೇ ಉಳಿದದ್ದು ಯಾಕೆ? ಟಪಾಲಿಗೆ ಹಾಕಲಿಲ್ಲ, ಅದಕ್ಕೆ. ಪತ್ರ ತಲುಪಿದ್ದರೆ ಇವತ್ತು ನಮಗೆ ಸಿಗುತ್ತಿರಲಿಲ್ಲ.

ಹಳೇ ಪುಸ್ತಕದ ಲಕ್ಷಣ ಓದಿ ಈಗಿನ ರೋಗದ ಹೆಸರು ಹಚ್ಚುವ ಚಟದ ಬಗ್ಗೆ ಒಂದು ಮಾತು. ಕೆಲವು ಕಡೆ ಅದು ಸಲ್ಲುತ್ತದೆ. ‘ಜನರಲ್ ಪ್ಯಾರಾಲಿಸಿಸ್’ ಅಂತ ಆಗಿನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಡುವಯಸ್ಸಿನ ಗಂಡಸು, ತಾನೇ ರಾಜ, ಕೋಟಿಗಟ್ಟಲೆ ಆಸ್ತಿ ಇದೆ ಅನ್ನುವ ಭ್ರಮೆ, ಮಾತು ತೊದಲುವುದು, ಆಮೇಲೆ ಕಾಲು ಬೀಳುವುದು, ಕೆಲವೇ ವರ್ಷದಲ್ಲಿ ಸಾವು. 1913ರಲ್ಲಿ ನೊಗುಚಿ ಮತ್ತು ಮೂರ್ ಇಂಥವರ ಮೆದುಳಿನಲ್ಲಿ ಸಿಫಿಲಿಸ್ಸಿನ ರೋಗಾಣು ತೋರಿಸಿಕೊಟ್ಟರು. ಮಲೇರಿಯಾ ಜ್ವರ ಬರಿಸಿ ಇದನ್ನು ತಡೆಯುವ ಚಿಕಿತ್ಸೆಗೆ ವಾಗ್ನರ್-ಯೌರೆಗ್ 1927ರಲ್ಲಿ ನೊಬೆಲ್ ಪಡೆದರು. ಆಮೇಲೆ ಪೆನಿಸಿಲಿನ್ ಬಂತು. ಆದರೆ ‘ಮೇನಿಯಾ’, ‘ಮೆಲಂಕೋಲಿಯಾ’ ಅಂತ ಬರೆದದ್ದನ್ನೆಲ್ಲ ಬೈಪೋಲಾರ್, ಡಿಪ್ರೆಶನ್ ಅಂತ ಓದಿದರೆ ಆಗದು. ಆಗಿನ ಮೇನಿಯಾ ಅಂದರೆ ಗಲಾಟೆ ಮಾಡುವವರೆಲ್ಲ ಬರುವಷ್ಟು ದೊಡ್ಡ ಚೀಲ.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ನಿಮ್ಹಾನ್ಸ್‌ಗೂ ಇಂಥ ಹಿಂದಿನ ಕಥೆ ಇದೆ. 19ನೇ ಶತಮಾನದ ಲೂನಾಟಿಕ್ ಅಸೈಲಂ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಯ ಕಡೆಗೆ ಬಂತು, 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, 1974ರಲ್ಲಿ ಎರಡೂ ಒಂದಾಗಿ ಈಗಿನ ಹೆಸರು ಬಂತು. ಅಲ್ಲಿ ಕೆಲಸ ಮಾಡಿದ ಮನೋವೈದ್ಯರಾದ ಸಂಜೀವ್ ಜೈನ್, ಪ್ರತಿಮಾ ಮೂರ್ತಿ ಮೊದಲಾದವರು ಹಳೇ ದಾಖಲೆಗಳನ್ನು ಇಟ್ಟುಕೊಂಡು ಇದರ ಇತಿಹಾಸ ಬರೆದಿದ್ದಾರೆ. ಡಾಕ್ಟರುಗಳೇ ತಮ್ಮ ಆಸ್ಪತ್ರೆಯ ಹಳೇ ಕಾಗದ ಓದಲು ಕೂತದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಗೆದ್ದಲು, ಮಳೆಗಾಲದ ತೇವ, ಗುಜರಿ ಈ ಮೂರೂ ನಮ್ಮಲ್ಲಿ ಬಲು ಚುರುಕು. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂದ ಮೇಲಂತೂ ತೊಂದರೆ ಒಳಗಿನದೇ. ಅದರ ಆಮ್ಲವೇ ಅದನ್ನು ತಿನ್ನುತ್ತದೆ. ಬಟ್ಟೆಯ ನಾರಿನಿಂದ ಮಾಡಿದ ಅದಕ್ಕೂ ಹಿಂದಿನ ಕಾಗದ ಇನ್ನೂ ಗಟ್ಟಿಯಾಗಿರುತ್ತದೆ, ನೂರು ವರ್ಷ ಚಿಕ್ಕದು ಮುಟ್ಟಿದರೆ ಪುಡಿ.

ಯಾರು ಬೇಕಾದರೂ ಇವನ್ನು ನೋಡಬಹುದೇ? ಇಲ್ಲ. ಬ್ರಿಟನ್ನಿನ ಆಸ್ಪತ್ರೆ ದಾಖಲಾಗಾರಗಳಲ್ಲಿ ರೋಗಿಗಳ ಕಡತವನ್ನು ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ. ಅಮೆರಿಕದಲ್ಲಿ ರೋಗಿಯ ಮಾಹಿತಿ ಗುಟ್ಟಾಗಿಡಲು ಇರುವ ಹಿಪಾ ಕಾಯ್ದೆಯ ರಕ್ಷಣೆ ರೋಗಿ ಸತ್ತು 50 ವರ್ಷದವರೆಗೆ. ನಮ್ಮಲ್ಲಿ ಸಮಸ್ಯೆ ಉಲ್ಟಾ, ಮುಚ್ಚಿಡುವ ಮಾತಿಗೆ ಮುಂಚೆ ಇಟ್ಟುಕೊಂಡಿದ್ದಾರಾ ಅಂತ ಕೇಳಬೇಕು. 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ಡಾಕ್ಟರು ಒಳರೋಗಿಯ ದಾಖಲೆ ಇಡಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದರಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಮಾನಸಿಕ ಚಿಕಿತ್ಸೆಯ ಮೂಲಭೂತ (ಬೇಸಿಕ್) ದಾಖಲೆ ನೋಡುವುದು ರೋಗಿಯ ಹಕ್ಕು ಅಂದಿದೆ, ರೋಗಿಗೇ ತೀವ್ರ ಮಾನಸಿಕ ಹಾನಿ ಅಥವಾ ಬೇರೆಯವರಿಗೆ ಹಾನಿಯಾಗುವಂಥ ಮಾಹಿತಿ ಇದ್ದರೆ ಅದನ್ನಷ್ಟು ತಡೆಹಿಡಿಯಬಹುದು. ಹಾಗಾಗಿ ನಿಮ್ಮದೋ ಮನೆಯವರದೋ ಕೇಸ್ ಶೀಟ್ ಬೇಕಿದ್ದರೆ, ಡಿಸ್ಚಾರ್ಜ್ ಸಮರಿ ಒಂದರಲ್ಲೇ ಸಮಾಧಾನ ಪಟ್ಟುಕೊಳ್ಳದೆ, ಆ 3 ವರ್ಷ ದಾಟುವ ಮುಂಚೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆದು ಕೊಡಿ, ಅರ್ಜಿ ತಲುಪಿದ್ದಕ್ಕೆ ಸೀಲು ಸಹಿ ಹಾಕಿಸಿಕೊಳ್ಳಿ.